ಜಗಳ ಆಡುವವರು, ದಾವೆ ಹೂಡುವವರು, ಫೈಟ್ ಮಾಡುವವರು

ಕೋಲಾರ ಸೀಮೆಯಲ್ಲಿ ಜಗಳವನ್ನು ‘ಆಡು’ತ್ತಾರೆ. ಗುದ್ದಾಡುತ್ತಾರೆ, ಕಿತ್ತಾಡುತ್ತಾರೆ, ಕಚ್ಚಾಡುತ್ತಾರೆ, ಬಡಿದಾಡುತ್ತಾರೆ. ಮನೆಮಾತು ತೆಲುಗಾದವರು ಕೊಟ್ಲಾಡುತ್ತಾರೆ. ಜಗಳದ ಮಾತಿನ ಬಾಲಕ್ಕೆ ಆ ‘ಆಡು’ ಸೇರಿತೆಂದರೆ ಅಲ್ಲಿ ಇಬ್ಬರಾದರೂ ಇರಬೇಕು. ಒಬ್ಬನೇ ನಿಂತು ಬೈಯಬಹುದು, ಒಬ್ಬನೇ ಹೊಡೆಯಲೂಬಹುದು, ಆದರೆ ಒಬ್ಬನೇ ಕಿತ್ತಾಡಲು ಬಾರದು. ಹಳ್ಳಿಯ ನ್ಯಾಯ ಪಂಚಾಯ್ತಿಯೂ ಇದೇ ವ್ಯಾಕರಣದ ಮೇಲೆ ನಡೆಯುತ್ತಿತ್ತು. ಅರಳಿಕಟ್ಟೆಯ ಮೇಲೆ ಕೂತ ಹಿರಿಯರು ಮೊದಲು ಇಬ್ಬರಿಗೂ ಬೈದು, ಆಮೇಲೆ ತಪ್ಪು ಯಾರದೆಂದು ಹುಡುಕುತ್ತಿದ್ದರು. ಬಡವನ ಪಾಲಿಗೆ ಈ ಸಮಪಾಲು ಎಷ್ಟೋ ಸಲ ಅನ್ಯಾಯವೇ ಆಗುತ್ತಿತ್ತು, ಬಿಡಿ.

ಜಗಳದ ಹಳೆಯ ಕ್ರಿಯಾಪದವೊಂದು ಈ ಜಿಲ್ಲೆಯ ಹೊಲದ ಬದುಗಳಲ್ಲೇ ನಿಂತಿದೆ. ಕುವಲಾಲಪುರ, ಅಂದರೆ ಇಂದಿನ ಕೋಲಾರ, ಗಂಗರ ಮೊದಲ ರಾಜಧಾನಿ. ಗಂಗರ ಮತ್ತು ನೊಳಂಬರ ಕಾಲದಲ್ಲಿ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವರಿಗೆ ಊರವರು ವೀರಗಲ್ಲು ನಿಲ್ಲಿಸಿದರು. ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವಾಗಿ ಹೊರತಂದ ಕೋಲಾರ ಜಿಲ್ಲೆಯ ಶಾಸನಗಳಲ್ಲಿ ಇಂಥವು ಸಾಕಷ್ಟಿವೆ. ವೀರಗಲ್ಲಿನ ಭಾಷೆಯಲ್ಲಿ ಆ ವೀರ ‘ಕಾದಿ ಸತ್ತ’. ಈಗ ‘ಕಾದು ಕಾದು ಸತ್ತೆ’ ಎಂದರೆ ಬಸ್ಸು ಬರಲಿಲ್ಲ ಎಂದರ್ಥ. ಹಳೆಯ ಕಾಳಗ ಪತ್ರಿಕೆಗಳ ತಲೆಬರಹದ ‘ಕಾದಾಟ’ದಲ್ಲಿ ಮಾತ್ರ ಉಳಿದುಕೊಂಡಿದೆ.

ಕಟ್ಟೆಯಿಂದ ಜಗಳ ಕಚೇರಿಗೆ ಹೋದ ಮೇಲೆ ‘ಆಡು’ ಬಿದ್ದುಹೋಯಿತು, ‘ಹೂಡು’ ಬಂತು. ನೇಗಿಲು ಹೂಡುವ ರೈತ ದಾವೆಯನ್ನೂ ಹೂಡಿದ. ಇದಕ್ಕೆ ಇಬ್ಬರು ಬೇಕಿಲ್ಲ. ಒಬ್ಬ ಹೂಡಿದರೆ ಸಾಕು, ಇನ್ನೊಬ್ಬ ತಾನಾಗಿ ಪ್ರತಿವಾದಿಯಾಗುತ್ತಾನೆ. 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋಯಿತು. ಮಾರ್ಕ್ ಕಬ್ಬನ್ ಕಾಲದಲ್ಲಿ ಮುನ್ಸೀಫ್ ಕೋರ್ಟುಗಳಿಂದ ಹುಜೂರ್ ಅದಾಲತ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ನ್ಯಾಯಾಲಯಗಳು ನಿಂತವು. ವಕೀಲ, ಫಿರ್ಯಾದಿ, ತಕರಾರು, ಜಪ್ತಿ, ಅಮೀನ: ಜಗಳದ ನಾಮಪದಗಳೆಲ್ಲ ಆ ಹೊತ್ತಿಗಾಗಲೇ ಪಾರಸಿ, ಅರಬಿ ಮೂಲದವು, ಹಳ್ಳಿಯವರ ನಾಲಿಗೆಯಲ್ಲಿ ಸವೆದು ಕನ್ನಡವೇ ಆಗಿದ್ದವು. ಇಂಗ್ಲಿಷ್ ಹಾಗೆ ಸವೆಯಲಿಲ್ಲ. 1884ರಲ್ಲಿ ಮೈಸೂರಿನ ಚೀಫ್ ಕೋರ್ಟ್ ಆಯಿತು, 1930ರಲ್ಲಿ ಅದೇ ಹೈಕೋರ್ಟ್ ಆಯಿತು. ಸಂವಿಧಾನದ 348ನೇ ವಿಧಿ ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳ ಭಾಷೆ ಇಂಗ್ಲಿಷ್ ಎಂದಿತು. ಕೋಲಾರದ ಕೋರ್ಟಿನಲ್ಲಿ ಕನ್ನಡದಲ್ಲಿ ಸಾಕ್ಷಿ ನುಡಿದವನ ವ್ಯಾಜ್ಯ ಬೆಂಗಳೂರಿನ ಅಟ್ಟಾರ ಕಚೇರಿಯ, ಅಂದರೆ ಹೈಕೋರ್ಟಿನ, ಮೆಟ್ಟಿಲು ಹತ್ತಿದರೆ, ತನ್ನದೇ ಜಗಳ ಯಾವ ಹಂತದಲ್ಲಿದೆ ಎಂದು ಅವನು ವಕೀಲರ ಮುಖ ನೋಡಿ ತಿಳಿಯಬೇಕು.

ಕೋರ್ಟಿನಿಂದ ಮನೆಗೆ ಬಂದ ಇಂಗ್ಲಿಷ್ ಮಾತೆಂದರೆ ‘ಆರ್ಗ್ಯೂ’. ವಕೀಲರಿಗೆ ಅದರಲ್ಲಿ ಬೈಗುಳವಿಲ್ಲ. ‘ನಾಳೆ ಆರ್ಗ್ಯುಮೆಂಟ್ ಇದೆ’ ಎಂದರೆ ಪ್ರಕರಣ ವಾದದ ಹಂತಕ್ಕೆ ಬಂದಿದೆ, ಅಷ್ಟೆ. ಅಡುಗೆಮನೆಯಲ್ಲಿ ಅದೇ ಪದದ ಬಣ್ಣ ಬೇರೆ. ‘ಜಾಸ್ತಿ ಆರ್ಗ್ಯೂ ಮಾಡ್ಬೇಡ’ ಎಂದು ತಾಯಿ ಮಗನಿಗೆ ಹೇಳಿದರೆ ಬಾಯಿ ಮುಚ್ಚು ಎಂದರ್ಥ. ಆಧಾರ ಕೊಟ್ಟು ಮಾತಾಡು ಎಂಬ ಅರ್ಥ ಕೋರ್ಟಿನಲ್ಲೇ ಉಳಿಯಿತು, ಎದುರುತ್ತರ ಎಂಬ ಅರ್ಥ ಮನೆ ಸೇರಿತು.

‘ಫೈಟ್’ ಬಂದದ್ದು ಬೇರೆ ದಾರಿಯಲ್ಲಿ, ಟೆಂಟ್ ಸಿನಿಮಾದಿಂದ. ಪಿಕ್ಚರ್ ಹೇಗಿದೆ ಎಂದು ಕೇಳಿದರೆ ಎಷ್ಟು ಫೈಟು, ಎಷ್ಟು ಹಾಡು ಎಂಬ ಲೆಕ್ಕವೇ ಉತ್ತರ. ಶಾಲೆಯ ಹುಡುಗ ಅದನ್ನೇ ಇಂಗ್ಲಿಷ್ ವಾಕ್ಯಕ್ಕೆ ತಂದು, ‘ಹೀ ಈಸ್ ಫೈಟಿಂಗ್ ವಿತ್ ಮಿ’ ಎಂದು ಮೇಷ್ಟರಿಗೆ ದೂರು ಕೊಟ್ಟ. ವಾಕ್ಯ ತಪ್ಪಲ್ಲ, ತೊಡಕಿರುವುದು ಆ ‘ವಿತ್’ನಲ್ಲಿ. ಇಂಗ್ಲಿಷಿನಲ್ಲಿ ಅದು ಎದುರಾಳಿಗೂ ಸಲ್ಲುತ್ತದೆ, ಜೊತೆಗಾರನಿಗೂ ಸಲ್ಲುತ್ತದೆ. ಉದಾಹರಣೆಗೆ ಈ ಜಿಲ್ಲೆ ಬಿಟ್ಟು ಹೋಗಬೇಕಿಲ್ಲ. 1768ರ ಅಕ್ಟೋಬರ್ 4ರಂದು ಮುಳಬಾಗಿಲಿನ ಬಳಿ ಹೈದರಾಲಿ ಬ್ರಿಟಿಷರೊಂದಿಗೆ ಕಾದ. ಕರ್ನಲ್ ವುಡ್‌ನ ಪಡೆ ಸೋಲುವ ಹಂತದಲ್ಲಿತ್ತು. ಆಗ ಕ್ಯಾಪ್ಟನ್ ಬ್ರೂಕ್ ಎಂಬವನು ಗಾಯಾಳುಗಳನ್ನೂ ಸೇರಿಸಿಕೊಂಡು ಎರಡು ತೋಪು ಹಿಡಿದು ಬಂಡೆ ಹತ್ತಿದ, ‘ಸ್ಮಿತ್! ಸ್ಮಿತ್!’ ಎಂದು ಎಲ್ಲರಿಂದ ಕೂಗಿಸಿದ. ಕರ್ನಲ್ ಸ್ಮಿತ್‌ನ ದೊಡ್ಡ ಸೈನ್ಯವೇ ಬಂತೆಂದುಕೊಂಡು ಹೈದರನ ಕಡೆಯವರು ಹಿಂದೆ ಸರಿದರು. ನೂರೈವತ್ತು ವರ್ಷದ ನಂತರ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಹೈಫಾದಲ್ಲಿ ಬ್ರಿಟಿಷರ ಪಕ್ಷದಲ್ಲಿ ನಿಂತು ತುರ್ಕರ ಮೇಲೆ ಕುದುರೆ ನುಗ್ಗಿಸಿದರು. ‘ಮೈಸೂರಿನವರು ಫಾಟ್ ವಿತ್ ದಿ ಬ್ರಿಟಿಷ್’ ಎಂಬ ವಾಕ್ಯ ಎರಡಕ್ಕೂ ಒಪ್ಪುತ್ತದೆ. ಅದಕ್ಕೇ ಎಚ್ಚರದ ಮೇಷ್ಟರು ಎದುರಾಳಿಯಾದರೆ ‘ಅಗೇನ್‌ಸ್ಟ್’ ಹಾಕಿಸುತ್ತಾರೆ.

ಇದೇ ಜಿಲ್ಲೆಯ ನರಸಾಪುರ ಈ ಪದಗಳನ್ನೆಲ್ಲ ಒಟ್ಟಿಗೆ ಕೇಳಿದ್ದು ತೀರ ಇತ್ತೀಚೆಗೆ. ಶಾಶ್ವತ ನೀರಾವರಿಗಾಗಿ ಜಿಲ್ಲೆಯಲ್ಲಿ ವರ್ಷಗಟ್ಟಲೆ ‘ಹೋರಾಟ’ ನಡೆಯಿತು. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಲಕ್ಷ್ಮೀಸಾಗರದ ಕೆರೆಗೆ ಬಂದು, ಅಲ್ಲಿಂದ ನರಸಾಪುರದ ಕೆರೆಯತ್ತ ಹರಿಯಿತು. ನೀರಿನ ಜೊತೆ ನೊರೆಯೂ ಬಂತು. ನೀರು ಬೇಕೆಂದು ಹೋರಾಡಿದವರಲ್ಲೇ ಕೆಲವರು ಈ ನೀರು ಬೇಡವೆಂದು ಕೋರ್ಟಿಗೆ ಹೋದರು. ಮೊದಲು ಹೈಕೋರ್ಟು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟವು. ಅದೇ ವರ್ಷ ತಡೆ ತೆರವಾಗಿ ನೀರು ಮತ್ತೆ ಹರಿಯಿತು. ಕೆರೆ ಏರಿಯ ಮೇಲೆ ಕನ್ನಡದಲ್ಲಿ ಶುರುವಾದ ವಾದ ದೆಹಲಿಯಲ್ಲಿ ಇಂಗ್ಲಿಷಿನಲ್ಲಿ ಇತ್ಯರ್ಥವಾಯಿತು.

ಅಷ್ಟರಲ್ಲಿ ಅಕ್ಕಪಕ್ಕದ ಹೊಲಗಳಲ್ಲಿ ನೇಗಿಲಿನ ಬದಲು ಬಂಡವಾಳ ಹೂಡಿಯಾಗಿತ್ತು. ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ ಬಂತು, ಆಮೇಲೆ ತೈವಾನಿನ ವಿಸ್ಟ್ರಾನ್ ಐಫೋನ್ ಜೋಡಿಸಲು ಬಂತು. 2020ರ ಡಿಸೆಂಬರ್ 12ರ ಬೆಳಿಗ್ಗೆ, ಪಾಳಿ ಬದಲಾಗುವ ಹೊತ್ತಿನಲ್ಲಿ, ಸಂಬಳ ಸರಿಯಾಗಿ ಬಂದಿಲ್ಲವೆಂದು ಸಿಟ್ಟಾದ ಕಾರ್ಮಿಕರು ಕಾರ್ಖಾನೆಯ ಗಾಜು ಒಡೆದರು, ವಾಹನಗಳನ್ನು ಉರುಳಿಸಿದರು. ಅವರಲ್ಲಿ ಬಹುಪಾಲು ಗುತ್ತಿಗೆಯವರು. ಕಾರ್ಮಿಕರ ಸಂಖ್ಯೆ ಕೆಲವೇ ತಿಂಗಳಲ್ಲಿ ಹತ್ತು ಸಾವಿರ ದಾಟಿತ್ತು, ಪಾಳಿ ಎಂಟು ಗಂಟೆಯಿಂದ ಹನ್ನೆರಡಕ್ಕೆ ಹಿಗ್ಗಿತ್ತು. ಸಂಘಟನೆಗಳಿಗೆ ಅದು ಹೋರಾಟ, ಪತ್ರಿಕೆಗಳಿಗೆ ದಾಂಧಲೆ, ಊರವರಿಗೆ ಗಲಾಟೆ.

ಇಂಥ ಹೊತ್ತಿನಲ್ಲಿ ಯಾರ ಕ್ರಿಯಾಪದ ದಾಖಲೆಗೆ ಹತ್ತುತ್ತದೆ ಎಂಬುದು ಸಣ್ಣ ವಿಷಯವಲ್ಲ. ದಾಂಧಲೆ ಎಂದರೆ ಎಬ್ಬಿಸಿದವನೊಬ್ಬನೇ ಕಾಣುತ್ತಾನೆ. ಕಿತ್ತಾಟ ಎಂದಿದ್ದರೆ ಎದುರಿಗೆ ಇನ್ನೊಬ್ಬನೂ ನಿಲ್ಲುತ್ತಿದ್ದ. ಒಂದು ವಾರದ ಬಳಿಕ ಕಂಪನಿ ಇಂಗ್ಲಿಷಿನಲ್ಲಿ ಹೇಳಿಕೆ ಕೊಟ್ಟಿತು: ಕೆಲವು ಕಾರ್ಮಿಕರಿಗೆ ವೇತನ ಸರಿಯಾಗಿ ಅಥವಾ ಸಕಾಲಕ್ಕೆ ಪಾವತಿಯಾಗಿಲ್ಲ ಎಂದು ಒಪ್ಪಿತು, ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು. ತಪ್ಪು ಸರಿಪಡಿಸುವ ತನಕ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ಆಪಲ್ ನಿಲ್ಲಿಸಿತು. 2023ರಲ್ಲಿ ಕಾರ್ಖಾನೆ ಟಾಟಾ ಸಮೂಹದ ಪಾಲಾಯಿತು.