ಓಬವ್ವನ ಒನಕೆ ಗೊತ್ತು, ಮನೆಯ ಬೀಗದಕೈ ಗೊತ್ತಾ?

ಗುಡೇಕೋಟೆ ಎಲ್ಲಿದೆ ಅಂತ ಕೇಳಿದ್ರೆ ಬಹಳ ಜನ ತಡವರಿಸ್ತಾರೆ. ಒನಕೆ ಓಬವ್ವ ಯಾರು ಅಂತ ಕೇಳಿ ನೋಡಿ, ಮೂರನೇ ಕ್ಲಾಸಿನ ಮಗು ಕೂಡ ಹೇಳುತ್ತೆ. ಕೂಡ್ಲಿಗಿ ತಾಲೂಕಿನ ಗುಡೇಕೋಟೆಯೇ ಓಬವ್ವನ ತವರು ಅನ್ನೋದು ಆ ಸೀಮೆಯ ಜನರ ನಂಬಿಕೆ.

ಓಬವ್ವ ಆವತ್ತು ಮಾಡಿದ್ದೇನು? ಗಂಡ ಕಹಳೆ ಮುದ್ದಹನುಮ ಚಿತ್ರದುರ್ಗದ ಕೋಟೆ ಕಾಯುವವನು. ಊಟಕ್ಕೆ ಮನೆಗೆ ಬಂದಿದ್ದ. ನೀರು ತರಲು ಹೋದವಳಿಗೆ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದು ಕಂಡಿತು. ಒನಕೆ ಹಿಡಿದು ನಿಂತಳು. ಅಂದ್ರೆ, ಒಂದು ಊಟದ ಹೊತ್ತು ಗಂಡನ ಡ್ಯೂಟಿಯನ್ನ ಹೆಂಡತಿ ಮಾಡಿದಳು. ಆ ಕಥೆಯನ್ನ 1972ರ ‘ನಾಗರಹಾವು’ ಸಿನಿಮಾ ಮನೆಮನೆಗೆ ಮುಟ್ಟಿಸಿತು. ಈಗ ನವೆಂಬರ್ 11ಕ್ಕೆ ಸರ್ಕಾರಿ ಜಯಂತಿಯೂ ಇದೆ. ಆಗಲೇಬೇಕು, ಎರಡು ಮಾತಿಲ್ಲ.

ಆದ್ರೆ ನನ್ನ ಪ್ರಶ್ನೆ ಬೇರೆ. ಗಂಡ ಊಟಕ್ಕಲ್ಲ, ಯುದ್ಧಕ್ಕೇ ಹೋದ. ಒಂದು ಹೊತ್ತಲ್ಲ, ವರ್ಷಗಟ್ಟಲೆ ಹೋದ. ಆಗ ಮನೆ ಕಾದವಳ ಕಥೆ ಎಲ್ಲಿದೆ?

ಹಳೆಯ ಕಾಲದ ಅರಸರಿಗೆ ಸೈನಿಕನ ಮನೆಯ ನೆನಪು ಇರಲಿಲ್ಲ ಅಂತಲ್ಲ. ನಮ್ಮ ಶಾಸನಗಳಲ್ಲಿ ‘ನೆತ್ತರುಗೊಡಗೆ’ ಅನ್ನೋ ಮಾತು ಬರುತ್ತೆ. ಹೋರಾಡಿ ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿ ಅದು. ಊರಾಚೆ ನಿಂತಿರುವ ವೀರಗಲ್ಲುಗಳಿಗೂ ಈ ಕೊಡುಗೆಗೂ ನಂಟಿದೆ. ಒಳ್ಳೆಯದೇ. ಆದ್ರೆ ಅದು ಸತ್ತ ಮೇಲಿನ ಲೆಕ್ಕ. ಗಂಡ ಬದುಕಿದ್ದಾನೆ, ದೂರದಲ್ಲಿದ್ದಾನೆ, ಯಾವಾಗ ಬರ್ತಾನೋ ಗೊತ್ತಿಲ್ಲ. ಆ ಹೆಂಡತಿಗೆ ಯಾವ ಕಲ್ಲೂ ಇಲ್ಲ, ಯಾವ ಕೊಡುಗೆಯೂ ಇಲ್ಲ.

1914ಕ್ಕೆ ಬನ್ನಿ. ಆಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರವರೆಗೂ ಹಾಗೇ ಇತ್ತು. ಪಕ್ಕದ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಕುದುರೆ ಪಡೆ 1914ರಲ್ಲಿ ಈಜಿಪ್ಟಿಗೆ ಹೊರಟಿತು. ಹೈಫಾ ಪಟ್ಟಣವನ್ನು ಗೆದ್ದದ್ದು 1918ರ ಸೆಪ್ಟೆಂಬರ್ 23ರಂದು. ನಡುವೆ ನಾಲ್ಕು ವರ್ಷ. ಹೈಫಾ ವಿಜಯದ ಬಗ್ಗೆ ನಾವು ಎದೆಯುಬ್ಬಿಸಿ ಮಾತಾಡ್ತೀವಿ. ಆ ನಾಲ್ಕು ವರ್ಷ ಊರಲ್ಲಿ ಅವರ ಮನೆಯ ಒಲೆ ಉರಿಸಿದ್ದು ಯಾರು?

ಭಾರತೀಯ ಸೇನೆಯ ಸಿಪಾಯಿಗೆ ಆಗ ತಿಂಗಳಿಗೆ 11 ರೂಪಾಯಿ ಸಂಬಳ. ಅದರಲ್ಲೇ ಒಂದಿಷ್ಟು ಮನಿಯಾರ್ಡರ್ ಆಗಿ ಮನೆಗೆ. ಜೊತೆಗೆ ಪತ್ರ. 1915ರ ಹೊತ್ತಿಗೆ ಫ್ರಾನ್ಸಿನಲ್ಲಿದ್ದ ಭಾರತೀಯ ಸೈನಿಕರು ವಾರಕ್ಕೆ 10 ಸಾವಿರದಿಂದ 20 ಸಾವಿರ ಪತ್ರ ಬರೀತಿದ್ರು. ಬ್ರಿಟಿಷ್ ಸೆನ್ಸಾರ್ ಅಧಿಕಾರಿಗಳು ಅವನ್ನ ತೆರೆದು ಓದಿ, ಕೆಲವನ್ನ ಇಂಗ್ಲಿಷಿಗೆ ತರ್ಜುಮೆ ಮಾಡಿಸಿದ್ರು. ಆ ವರದಿಗಳು ಇವತ್ತೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹೆಚ್ಚಿನವು ಪಂಜಾಬಿನ ಕಡೆಯವರದ್ದು. ಆದ್ರೆ ಒಳಗಿನ ಚಿಂತೆ ಎಲ್ಲ ರೈತನ ಮನೆಯದ್ದೇ. ಸಾಲ ತೀರಿತಾ? ಎತ್ತು ಹೇಗಿದೆ? ಮಗಳ ಮದುವೆ ಮಾತು ಎಲ್ಲಿಗೆ ಬಂತು? ಗುಂಡಿನ ಸದ್ದಿನ ನಡುವೆಯೂ ಅವನ ತಲೆಯಲ್ಲಿ ಹೊಲವೇ.

ಈಗ ಇನ್ನೊಂದು ಲೆಕ್ಕ ನೋಡಿ. 1911ರ ಜನಗಣತಿಯ ಪ್ರಕಾರ ದೇಶದ ನೂರು ಹೆಣ್ಣುಮಕ್ಕಳಲ್ಲಿ ಓದು ಬಲ್ಲವಳು ಸುಮಾರು ಒಬ್ಬಳು. ಹಾಗಾಗಿ ಗಂಡನ ಪತ್ರವನ್ನ ಬೇರೆಯವರು ಓದಬೇಕು, ಉತ್ತರವನ್ನ ಬೇರೆಯವರು ಬರೀಬೇಕು. ಮನಸ್ಸಿನ ಮಾತು ಬಿಡಿ, ಮನೆಯ ಸಾಲದ ಗುಟ್ಟೂ ಊರಿಗೆಲ್ಲ ಬಯಲು. ಸಮುದ್ರ ದಾಟಿ ಉತ್ತರ ಬರೋದಕ್ಕೆ ವಾರಗಟ್ಟಲೆ ಬೇಕು. ಮಳೆ ಕಾಯುತ್ತಾ? ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಮಳೆಯಾಶ್ರಿತ ಹೊಲದಲ್ಲಿ ಒಂದು ಹದ ಮಳೆ ತಪ್ಪಿದ್ರೆ ಆ ವರ್ಷದ ಜೋಳವೇ ತಪ್ಪಿದಂತೆ. ಅಂಥ ಹೊಲ ಇದ್ದವಳು ಯುದ್ಧಭೂಮಿಯ ಉತ್ತರಕ್ಕೆ ಕಾಯೋಕೆ ಆಗುತ್ತಾ? ತೀರ್ಮಾನ ಅವಳೇ ತಗೋಬೇಕು. ಹೊಲದ ಕಾಗದದಲ್ಲಿ ಮಾತ್ರ ಹೆಸರು ಗಂಡನದ್ದು, ಇಲ್ಲಾ ಮಾವನದ್ದು.

ಗಂಡ ಇಲ್ಲದ ಹೊತ್ತು ನೋಡಿ ಸಾಲಗಾರನೋ ದಾಯಾದಿಯೋ ದಾವೆ ಹಾಕಿದ್ರೆ? ಈ ಅಪಾಯ ಬ್ರಿಟಿಷರಿಗೂ ಗೊತ್ತಿತ್ತು. 1925ರಲ್ಲಿ ‘ಇಂಡಿಯನ್ ಸೋಲ್ಜರ್ಸ್ ಲಿಟಿಗೇಷನ್ ಆ್ಯಕ್ಟ್’ ಬಂತು. ಯುದ್ಧದಲ್ಲಿ ಅಥವಾ ವಿಶೇಷ ಪರಿಸ್ಥಿತಿಯ ಸೇವೆಯಲ್ಲಿರುವ ಸೈನಿಕ ಕೋರ್ಟಿಗೆ ಬರೋಕಾಗದಿದ್ರೆ ವಿಚಾರಣೆಯನ್ನ ತಡೆಹಿಡಿಯೋದಕ್ಕೆ ಅದರಲ್ಲಿ ದಾರಿಯಿದೆ. ಅವನ ಬೆನ್ನ ಹಿಂದೆ ಆದ ಡಿಕ್ರಿಯನ್ನ ರದ್ದು ಮಾಡಿಸೋದಕ್ಕೂ ಅವಕಾಶ ಇದೆ. ಜಿಲ್ಲಾಧಿಕಾರಿ ಕೂಡ ಕೋರ್ಟಿಗೆ ತಿಳಿಸಬಹುದು. ಕಾನೂನು ಇವತ್ತಿಗೂ ಇದೆ. ಎಷ್ಟು ಸೈನಿಕರ ಮನೆಯಲ್ಲಿ ಇದು ಗೊತ್ತಿದೆ? ಜಿಲ್ಲಾಧಿಕಾರಿಗೆ ಅರ್ಜಿ ಹಿಡಿದು ಹೋಗಬೇಕಾದವಳು ಮತ್ತದೇ ಹೆಂಡತಿ.

ಈಗ ವಿಡಿಯೋ ಕಾಲ್ ಇದೆಯಲ್ಲ ಸಾರ್ ಅಂತೀರಿ. ಇದೆ. ಸಿಗ್ನಲ್ ಇದ್ದಲ್ಲಿ ಇದೆ. ಆದ್ರೆ ಹಗರಿಬೊಮ್ಮನಹಳ್ಳಿಯ ಬ್ಯಾಂಕಿನ ಕೌಂಟರ್ ಮುಂದೆ ನಿಂತವಳ ಕಥೆ ಕೇಳಿ. ಖಾತೆ ಗಂಡನ ಹೆಸರಲ್ಲಿ. ಓಟಿಪಿ ಹೋಗೋದು ಗಂಡನ ಮೊಬೈಲಿಗೆ. ಆ ಮೊಬೈಲು ಹಿಮದ ನಡುವೆ ಸಿಗ್ನಲ್ ಇಲ್ಲದ ಪೋಸ್ಟಿನಲ್ಲಿ! ಮಗುವಿನ ಸ್ಕೂಲ್ ಫೀಸಿನ ಕೊನೇ ದಿನ ಅದಕ್ಕೆ ಕಾಯಲ್ಲ. ಪಹಣಿಯಲ್ಲಿ ಹೆಸರು ಬೇರೆಯವರದ್ದು, ಬೆಳೆ ಸಾಲಕ್ಕೆ ಸಹಿ ಬೇರೆಯವರದ್ದು. ನೂರು ವರ್ಷದಲ್ಲಿ ಪತ್ರ ಹೋಗಿ ಓಟಿಪಿ ಬಂತು. ಜವಾಬ್ದಾರಿ ಅವಳದ್ದು, ಅಧಿಕಾರ ಅವನದ್ದು ಅನ್ನೋದು ಮಾತ್ರ ಬದಲಾಗಲಿಲ್ಲ.

ರಜೆಗೆ ಬರುವ ಪ್ರತಿ ಯೋಧನಿಗೂ ನಾನು ಹೇಳೋದು ಇಷ್ಟೇ. ಅಣ್ಣಾ, ವಾಪಸ್ ಹೋಗೋ ಮುಂಚೆ ನಾಲ್ಕು ಕೆಲಸ ಮಾಡು. ಬ್ಯಾಂಕಿನಲ್ಲಿ ಹೆಂಡತಿ ಜೊತೆ ಜಂಟಿ ಖಾತೆ ಮಾಡಿಸು. ಜಮೀನು, ಕೋರ್ಟು ವ್ಯವಹಾರ ಇದ್ರೆ ವಕೀಲರನ್ನ ಕೇಳಿ ಅವಳ ಹೆಸರಿಗೆ ಅಧಿಕಾರಪತ್ರ ಬರೆಸು. ಮದುವೆ, ಮಕ್ಕಳ ಜನನ ಪಾರ್ಟ್ ಟೂ ಆರ್ಡರ್‌ನಲ್ಲಿ ದಾಖಲಾಗಿದೆಯಾ ನೋಡು. ನಾಳೆ ಕುಟುಂಬ ಪಿಂಚಣಿಗೆ ಅದೇ ಆಧಾರ. ವಿಮೆಯ ನಾಮಿನಿ ಯಾರು ಅಂತ ಅವಳಿಗೆ ಹೇಳು. ಇದು ಅಪಶಕುನದ ಮಾತಲ್ಲ, ಸಂಸಾರದ ಮಾತು.

ಅತ್ತೆ ಮಾವಂದಿರಿಗೂ ಒಂದು ಮಾತು. ಸೊಸೆಯ ಹೆಸರು ಕಾಗದಕ್ಕೆ ಬಂದ್ರೆ ಮನೆ ಒಡೆಯೋದಿಲ್ಲ, ಮಗ ಇಲ್ಲದ ಹೊತ್ತಲ್ಲಿ ಮನೆ ನಿಲ್ಲುತ್ತೆ. ಓಬವ್ವ ಒನಕೆ ಎತ್ತೋದಕ್ಕೆ ಯಾರ ಸಹಿಗೂ ಕಾಯಲಿಲ್ಲ. ಇವತ್ತಿನ ಸೈನಿಕನ ಹೆಂಡತಿ ದಿನಕ್ಕೆ ಹತ್ತು ಕಡೆ ಸಹಿಗೆ ಕಾಯ್ತಿದ್ದಾಳೆ. ಬೀಗದಕೈ ಅವಳ ಕೈಗೆ ಕೊಡಿ.