ಅಕ್ಷರ ಬೇರೆ, ಆಕಾರ ಬೇರೆ: ಡೆಸ್ಕ್‌ಟಾಪ್ ಲೈಬ್ರರಿಗಳ ಎರಡು ಕವಲು ಮತ್ತು ಕನ್ನಡ

ಡೆಸ್ಕ್‌ಟಾಪ್ ತಂತ್ರಾಂಶ ಬರೆಯುವವರು ಎರಡು ಬಗೆಯ ಲೈಬ್ರರಿಗಳನ್ನು ಬಳಸುತ್ತಾರೆ. ಪಟ್ಟಿ, ಕೋಷ್ಟಕ, ಪಠ್ಯ, ಕಡತ, ಗಡಿಯಾರ, ಥ್ರೆಡ್ ಮುಂತಾದವನ್ನು ನೋಡಿಕೊಳ್ಳುವುದು ಯುಟಿಲಿಟಿ ಲೈಬ್ರರಿ. ಪರದೆಯ ಮೇಲೆ ವಿಂಡೋ ತೆರೆದು, ಗುಂಡಿ ಮೆನುಗಳನ್ನು ಬಿಡಿಸಿ, ಮೌಸ್ ಮತ್ತು ಕೀಲಿಮಣೆಯಲ್ಲಿ ಆದದ್ದನ್ನು ಪ್ರೋಗ್ರಾಂಗೆ ತಿಳಿಸುವುದು ವಿಂಡೋಯಿಂಗ್ ಲೈಬ್ರರಿ. ಎರಡನ್ನೂ ಬೇರ್ಪಡಿಸಿ ನೋಡಲು ಸುಲಭದ ಪರೀಕ್ಷೆಯೊಂದಿದೆ. ಪರದೆಯೇ ಇಲ್ಲದ ಸರ್ವರ್ ಮೇಲೆ ಪ್ರೋಗ್ರಾಮನ್ನು ಓಡಿಸಬೇಕು. ಲಿನಕ್ಸ್‌ನಲ್ಲಿ ಜಿಲಿಬ್ ಎಂಬ ಯುಟಿಲಿಟಿ ಲೈಬ್ರರಿಯೊಂದನ್ನೇ ನಂಬಿದ ಪ್ರೋಗ್ರಾಂ ತನ್ನ ಕೆಲಸ ಮುಗಿಸಿ ಹೊರಬರುತ್ತದೆ. ಜಿಟಿಕೆ ಎಂಬ ವಿಂಡೋಯಿಂಗ್ ಲೈಬ್ರರಿಯನ್ನು ನಂಬಿದ ಪ್ರೋಗ್ರಾಂ ಡಿಸ್‌ಪ್ಲೇ ಸಿಗಲಿಲ್ಲವೆಂದು ಹೇಳಿ ಆರಂಭದಲ್ಲೇ ನಿಂತುಬಿಡುತ್ತದೆ.

ಈ ವಿಭಜನೆ ಮೊದಲಿನಿಂದ ಇದ್ದದ್ದಲ್ಲ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶವನ್ನು ಕೈಗೆತ್ತಿಕೊಂಡರು. ಅದರ ಮೊದಲ ಆವೃತ್ತಿಗಳು ಮೋಟಿಫ್ ಎಂಬ ವಾಣಿಜ್ಯ ಲೈಬ್ರರಿಯನ್ನು ನೆಚ್ಚಿಕೊಂಡಿದ್ದವು. ಅದು ಒಗ್ಗದೆ ಮ್ಯಾಟಿಸ್ ತಮ್ಮದೇ ಟೂಲ್‌ಕಿಟ್ ಬರೆದರು, ಅದೇ ಜಿಟಿಕೆ. ಗುಂಡಿ ಬಿಡಿಸುವ ಕೋಡ್‌ಗೂ ಪಟ್ಟಿ, ಹ್ಯಾಶ್ ಕೋಷ್ಟಕಗಳು ಬೇಕೇ ಬೇಕು. ಸಿ ಭಾಷೆ ಅವನ್ನು ಸಿದ್ಧವಾಗಿ ಕೊಡುವುದಿಲ್ಲವಾದ್ದರಿಂದ ಅವೂ ಜಿಟಿಕೆಯ ಒಳಗೇ ಬೆಳೆದವು. ವಿಂಡೋ ಬೇಡದ ಪ್ರೋಗ್ರಾಮುಗಳಿಗೂ ಅವು ಬೇಕೆನಿಸಿದಾಗ ಆ ಭಾಗವನ್ನು ಹೊರತೆಗೆದು ಜಿಲಿಬ್ ಎಂದು ಕರೆದರು. 1999ರಲ್ಲಿ 1.2ನೇ ಆವೃತ್ತಿ ಬರುವ ಹೊತ್ತಿಗೆ ಎರಡೂ ಬೇರೆ ಬೇರೆ ಕಟ್ಟುಗಳಾಗಿದ್ದವು.

ಗಡಿ ಅಲ್ಲಿಗೇ ನಿಲ್ಲಲಿಲ್ಲ. ಜಿಟಿಕೆ 1ರಲ್ಲಿ ಆಬ್ಜೆಕ್ಟ್ ಮತ್ತು ಸಿಗ್ನಲ್ ವ್ಯವಸ್ಥೆ ವಿಂಡೋಯಿಂಗ್ ಲೈಬ್ರರಿಯೊಳಗೇ ಇತ್ತು. 2002ರ ಮಾರ್ಚ್‌ನಲ್ಲಿ ಬಂದ 2.0 ಆವೃತ್ತಿಯಲ್ಲಿ ಅದು ಜಿಆಬ್ಜೆಕ್ಟ್ ಎಂಬ ಹೆಸರಿನಿಂದ ಜಿಲಿಬ್ ಬಳಗಕ್ಕೆ ಬಂತು. ಪರದೆಗೆ ಸಂಬಂಧವಿಲ್ಲವೆಂದು ಗೊತ್ತಾದದ್ದೆಲ್ಲ ಒಂದೊಂದಾಗಿ ಕೆಳಗಿನ ಪದರಕ್ಕೆ ಇಳಿಯುತ್ತ ಹೋಯಿತು. ಕ್ಯೂಟಿ ಎಂಬ ಇನ್ನೊಂದು ಟೂಲ್‌ಕಿಟ್‌ನಲ್ಲೂ ನಡೆದದ್ದು ಇದೇ. ಒಂದೇ ದೊಡ್ಡ ಲೈಬ್ರರಿಯಾಗಿದ್ದ ಅದು 2005ರ 4ನೇ ಆವೃತ್ತಿಯಲ್ಲಿ ಕ್ಯೂಟಿಕೋರ್, ಕ್ಯೂಟಿಗುಯಿ ಮೊದಲಾದ ಭಾಗಗಳಾಗಿ ಒಡೆಯಿತು. ಮೈಕ್ರೋಸಾಫ್ಟ್ ವಿಂಡೋಸ್ ಮಾತ್ರ 1985ರ ಮೊದಲ ಆವೃತ್ತಿಯಲ್ಲೇ ಕರ್ನೆಲ್, ಯೂಸರ್, ಜಿಡಿಐ ಎಂಬ ಮೂರು ಭಾಗಗಳನ್ನು ಇಟ್ಟುಕೊಂಡಿತ್ತು.

ಅವಲಂಬನೆ ಒಂದೇ ದಿಕ್ಕಿನದು: ಜಿಟಿಕೆಗೆ ಜಿಲಿಬ್ ಬೇಕು, ಜಿಲಿಬ್‌ಗೆ ಜಿಟಿಕೆ ಬೇಡ. ಇದಕ್ಕೆ ಒಳ್ಳೆಯ ನಿದರ್ಶನ ಮೇನ್ ಲೂಪ್. ಮುಂದೇನಾಗುತ್ತದೆಂದು ಕಾಯುತ್ತ ಕೂರುವ ಈ ಸುತ್ತು ವಿಂಡೋಗೇ ಸೇರಿದ್ದೆಂದು ಹೊಸಬರು ತಿಳಿಯುತ್ತಾರೆ. ಅದು ಇರುವುದು ಜಿಲಿಬ್‌ನಲ್ಲಿ. ಗಡಿಯಾರದ ಕರೆ, ಕಡತದಿಂದ ಬರುವ ದತ್ತಾಂಶ, ನೆಟ್‌ವರ್ಕ್ ಸಂಪರ್ಕಗಳ ಸಾಲಿನಲ್ಲಿ ಮೌಸ್‌ನ ಕ್ಲಿಕ್ಕೂ ಇನ್ನೊಂದು ಮೂಲವಾಗಿ ಬಂದು ಸೇರಿಕೊಳ್ಳುತ್ತದೆ, ಅಷ್ಟೆ.

ಪಠ್ಯದ ವಿಷಯಕ್ಕೆ ಬಂದರೆ ಈ ಗಡಿ ಕನ್ನಡದವರಿಗೆ ತೀರ ಹತ್ತಿರದ್ದಾಗುತ್ತದೆ. ರೋಮನ್ ಅಕ್ಷರದಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಒಂದು ಆಕಾರ. ಅಲ್ಲಿ ಎರಡು ಪದರಗಳನ್ನು ಬೆರೆಸಿದರೂ ತಪ್ಪು ಬೇಗ ಕಾಣುವುದಿಲ್ಲ. ಹಾಸನ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳ ಹೆಸರನ್ನು ಯೂನಿಕೋಡ್‌ನಲ್ಲಿ ಬರೆದು ಜಿಲಿಬ್ ಕೈಗೆ ಕೊಟ್ಟರೆ ವ್ಯತ್ಯಾಸ ತಿಳಿಯುತ್ತದೆ. ‘ಹಾಸನ’ ಓದುವವರ ಕಣ್ಣಿಗೆ 3 ಅಕ್ಷರ. ಜಿಲಿಬ್‌ನ ಲೆಕ್ಕದಲ್ಲಿ ಇಳಿಯೂ ಸೇರಿ 4 ಸಂಕೇತ, ಯುಟಿಎಫ್-8ರಲ್ಲಿ ಒಂದೊಂದಕ್ಕೆ 3ರಂತೆ 12 ಬೈಟ್. ‘ಅರಕಲಗೂಡು’ 6 ಅಕ್ಷರ, 8 ಸಂಕೇತ, 24 ಬೈಟ್. ‘ಚನ್ನರಾಯಪಟ್ಟಣ’ 7 ಅಕ್ಷರ, 12 ಸಂಕೇತ, 36 ಬೈಟ್. ಎರಡು ಒತ್ತಕ್ಷರಗಳಿಗಾಗಿ ಎರಡು ಹಲಂತಗಳು ಒಳಗೆ ಅಡಗಿ ಕುಳಿತಿರುತ್ತವೆ. ‘ಹೊಳೆನರಸೀಪುರ’ಕ್ಕೂ 7 ಅಕ್ಷರವೇ, ಆದರೆ 11 ಸಂಕೇತ, 33 ಬೈಟ್. ಈ ಹೆಸರಿಗೆ ಇನ್ನೊಂದು ವಿಶೇಷವಿದೆ. ‘ಹೊ’ದಲ್ಲಿರುವ ಒತ್ವವನ್ನು ಯೂನಿಕೋಡ್ ಒಂದೇ ಸಂಕೇತವಾಗಿಯೂ ಬರೆಯಬಲ್ಲದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿ ಬಿಡಿಸಿಯೂ ಬರೆಯಬಲ್ಲದು. ‘ಸೀ’ಯ ದೀರ್ಘಕ್ಕೂ ಅದೇ ಮಾತು. ಪೂರ್ತಿ ಬಿಡಿಸಿದರೆ ಹೊಳೆನರಸೀಪುರ 13 ಸಂಕೇತ, 39 ಬೈಟ್ ಆಗುತ್ತದೆ. ಪರದೆಯ ಮೇಲೆ ಎರಡೂ ರೂಪ ಒಂದೇ ತೆರನಾಗಿ ಕಾಣುತ್ತವೆ. ಬೈಟ್ ಹೋಲಿಸುವ ಹುಡುಕಾಟಕ್ಕೆ ಮಾತ್ರ ಅವು ಎರಡು ಬೇರೆ ಊರುಗಳು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವುದು ಯುಟಿಲಿಟಿ ಲೈಬ್ರರಿಯ ಕೆಲಸ. ವಿಂಡೋ ಎಷ್ಟೇ ಚೆಂದವಾಗಿದ್ದರೂ ಈ ತಪ್ಪನ್ನು ಅದು ಸರಿಪಡಿಸಲಾರದು.

ಇಂಥ ವಿಂಗಡಣೆ ಇಲ್ಲದಿದ್ದ ಕಾಲವನ್ನು ಕನ್ನಡ ಕಂಡಿದೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂತು. ಮುಂದೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಸರ್ಕಾರಿ ಕಚೇರಿಗಳನ್ನೂ ಡಿಟಿಪಿ ಕೇಂದ್ರಗಳನ್ನೂ ತಲುಪಿತು. ಆಗಿನ ವಿಂಡೋಸ್‌ಗೆ ಕನ್ನಡದ ಒತ್ತಕ್ಷರ ಜೋಡಿಸುವುದು ತಿಳಿದಿರಲಿಲ್ಲ. ಹಾಗಾಗಿ ಇವು ಅಕ್ಷರದ ಚೂರುಗಳನ್ನೇ ಫಾಂಟ್‌ನಲ್ಲಿ ಲ್ಯಾಟಿನ್ ಸಂಕೇತಗಳ ಜಾಗದಲ್ಲಿ ಕೂರಿಸಿ ಕೆಲಸ ಸಾಗಿಸಿದವು. ಆ ದಿನಗಳಲ್ಲಿ ಕನ್ನಡವನ್ನು ಪರದೆಗೂ ಮುದ್ರಣಕ್ಕೂ ತಂದ ಈ ಸಾಹಸವನ್ನು ಕಡೆಗಣಿಸುವಂತಿಲ್ಲ. ಆದರೆ ಕಡತದಲ್ಲಿ ಉಳಿದದ್ದು ಅಕ್ಷರವಲ್ಲ, ಆಕಾರ.

ನುಡಿಯ ಹಳೆಯ ಸಂಕೇತದಲ್ಲಿ ‘ಹಾಸನ’ 6 ಬೈಟ್: ಹಕಾರದ ಒಡಲು, ಇಳಿ, ಸಕಾರದ ಒಡಲು, ತಲಕಟ್ಟು, ನಕಾರದ ಒಡಲು, ಮತ್ತೆ ತಲಕಟ್ಟು. ಚನ್ನರಾಯಪಟ್ಟಣದ ‘ಯ’ ಒಂದಕ್ಕೇ 4 ಬೈಟ್ ಬೇಕು, ಅದರ ಮೊದಲ ಚೂರು ಅನುಸ್ವಾರದ ಸಂಕೇತವೇ. ‘ಮ’ ಆರಂಭವಾಗುವುದು ‘ವ’ ಅಕ್ಷರದ ಎರಡು ಚೂರುಗಳಿಂದ. ಕಣ್ಣಿಗೆ ಇದು ಸರಿ. ಕೈಬರಹದಲ್ಲೂ ವಕಾರಕ್ಕೆ ಬಾಲ ಕೊಟ್ಟರೆ ಮಕಾರ. ಆದರೆ ಇಂಥ ಕಡತದಲ್ಲಿ ‘ವ’ ಹುಡುಕಿದರೆ ‘ಮ’ಗಳೂ ಸಿಗುತ್ತವೆ, ಅನುಸ್ವಾರ ಹುಡುಕಿದರೆ ಯಕಾರಗಳೆಲ್ಲ ಬಂದು ನಿಲ್ಲುತ್ತವೆ. ಅಕಾರಾದಿ ಕ್ರಮ ಕೇಳಿದರೆ ಚೂರುಗಳ ಕ್ರಮ ಬರುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ಇಡೀ ಪುಟ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು. ಪರದೆಯ ಕೆಲಸ ಸಂಗ್ರಹದೊಳಗೆ ನುಗ್ಗಿದ್ದರಿಂದ ಆದ ನಷ್ಟವಿದು. 2000ರ ದಶಕದ ಆರಂಭದಲ್ಲಿ ಭೂಮಿ ಯೋಜನೆ ಪಹಣಿಗಳನ್ನು ತಾಲ್ಲೂಕು ಕಚೇರಿಗಳಲ್ಲಿ ಗಣಕಕ್ಕೆ ತಂದ ಮೇಲೆ ಕನ್ನಡದ ಹೆಸರನ್ನು ಹುಡುಕುವುದು, ಸಾಲಾಗಿ ಜೋಡಿಸುವುದು ರೈತರಿಗೂ ಸಂಬಂಧಿಸಿದ ವಿಚಾರವಾಯಿತು.

ಯೂನಿಕೋಡ್ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ವಿಭಾಗ ಕೊಟ್ಟಿತ್ತು. ಬೇಕಾಗಿದ್ದದ್ದು ಆ ಸಂಕೇತಗಳನ್ನು ಆಕಾರಗಳಾಗಿ ಜೋಡಿಸುವ ನಡುವಿನ ಪದರ. ವಿಂಡೋಸ್‌ನಲ್ಲಿ ಆ ಕೆಲಸ ಯೂನಿಸ್ಕ್ರೈಬ್‌ನದು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ಸಮೇತ ಕನ್ನಡ ತೋರಿಸಿತು. ಜಿಟಿಕೆ 2.0 ಇದಕ್ಕಾಗಿ ಪ್ಯಾಂಗೋವನ್ನು ತಂದಿತು. ಗ್ರೀಕಿನ ‘ಪ್ಯಾನ್’ ಮತ್ತು ಜಪಾನಿಯ ‘ಗೋ’ ಸೇರಿ ಆದ ಹೆಸರು, ಎಲ್ಲ ಭಾಷೆ ಎಂಬ ಅರ್ಥ. 2012ರ ಸುಮಾರಿಗೆ ಪ್ಯಾಂಗೋ ಆಕಾರ ಜೋಡಿಸುವ ಹೊಣೆಯನ್ನು ಬೆಹ್ದಾದ್ ಎಸ್ಫಹ್ಬೋದ್ ರೂಪಿಸಿದ ಹಾರ್ಫ್‌ಬಝ್‌ಗೆ ಒಪ್ಪಿಸಿತು. ಲೋಹಿತ್, ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟ್‌ಗಳು ಈ ದಾರಿಯಲ್ಲೇ ಪರದೆಗೆ ಬರುತ್ತವೆ. ‘ನ’, ಹಲಂತ, ‘ನ’ ಎಂಬ ಮೂರು ಸಂಕೇತಗಳನ್ನು ಜಿಲಿಬ್ ಕಾಪಾಡುತ್ತದೆ. ಅವು ‘ನ್ನ’ ಆಗಿ ಕಾಣಬೇಕೆಂದು ಹಾರ್ಫ್‌ಬಝ್ ಫಾಂಟ್‌ನ ನಿಯಮ ಓದಿ ತೀರ್ಮಾನಿಸುತ್ತದೆ. ಎಲ್ಲಿ ಕೂರಬೇಕೆಂಬುದನ್ನು ಪ್ಯಾಂಗೋ ಮತ್ತು ಜಿಟಿಕೆ ನೋಡಿಕೊಳ್ಳುತ್ತವೆ.

ಎರಡು ಪದರಗಳು ಕೈಜೋಡಿಸುವುದನ್ನು ಕಣ್ಣಾರೆ ಕಾಣಲು ಒಂದು ಅಕ್ಷರ ಅಳಿಸಿದರೆ ಸಾಕು. ಜಿಟಿಕೆ 2 ಅಥವಾ 3ರ ಪಠ್ಯಪೆಟ್ಟಿಗೆಯಲ್ಲಿ ‘ಹೊ’ ಬರೆದು ಬ್ಯಾಕ್‌ಸ್ಪೇಸ್ ಒತ್ತಿದರೆ ಅಕ್ಷರ ಪೂರ್ತಿ ಹೋಗುವುದಿಲ್ಲ, ‘ಹೆ’ ಉಳಿಯುತ್ತದೆ. ಕೀಲಿ ಒತ್ತಿದ ಸುದ್ದಿ ಬಂದೊಡನೆ ಜಿಟಿಕೆ ಆ ಅಕ್ಷರವನ್ನು ಜಿಲಿಬ್‌ಗೆ ಕೊಟ್ಟು ಬಿಡಿಸಿಕೊಂಡು, ಕೊನೆಯ ಸಂಕೇತವನ್ನು ಬಿಟ್ಟು ಮಿಕ್ಕಿದ್ದನ್ನು ಹಿಂದಿರುಗಿಸುತ್ತದೆ. ಒತ್ವದಿಂದ ಕೊಂಬಿನ ದೀರ್ಘ ಕಳಚಿ ಎತ್ವ ಉಳಿಯುವ ಈ ಕ್ರಮ ಕಾಗುಣಿತ ಕಲಿತವರಿಗೆ ಹೊಸದೆನಿಸುವುದಿಲ್ಲ.

ಜೋಡಣೆಯ ಕ್ರಮ ಪೂರ್ತಿಯಾಗಿ ಯುಟಿಲಿಟಿ ಪದರಕ್ಕೆ ಸೇರಿದ್ದು. ಮೇಲಿನ ನಾಲ್ಕು ಊರುಗಳನ್ನು ಬರೀ ಸಂಕೇತಸಂಖ್ಯೆ ನೋಡಿ ಜೋಡಿಸಿದರೂ ಅರಕಲಗೂಡು, ಚನ್ನರಾಯಪಟ್ಟಣ, ಹಾಸನ, ಹೊಳೆನರಸೀಪುರ ಎಂಬ ಸರಿಯಾದ ಕ್ರಮವೇ ಸಿಗುತ್ತದೆ. ಇದನ್ನು ನಂಬಿ ಮುಂದುವರಿದರೆ ಮೋಸ. ಯೂನಿಕೋಡ್‌ನಲ್ಲಿ ‘ಳ’ ಇರುವುದು ‘ವ’ಕ್ಕಿಂತ ಮೊದಲು, ವರ್ಣಮಾಲೆಯಲ್ಲಿ ‘ಹ’ದ ನಂತರ. ನಿಘಂಟಿನಲ್ಲಿ ‘ಹಸು’ ಆದ ಮೇಲೆ ‘ಹಳ್ಳಿ’. ಸಂಕೇತಸಂಖ್ಯೆಯ ಪ್ರಕಾರ ‘ಹಳ್ಳಿ’ಯೇ ಮುಂದು. ಆದ್ದರಿಂದ ಜಿಲಿಬ್‌ನ ಹೋಲಿಕೆಯ ಫಂಕ್ಷನ್ ಯಂತ್ರದ ಲೊಕೇಲ್ ನಿಯಮವನ್ನು ಕೇಳಿ ಉತ್ತರ ಕೊಡುತ್ತದೆ. ಲೊಕೇಲ್ ಕನ್ನಡಕ್ಕೆ ಹೊಂದಿಸಿರಬೇಕು ಎಂಬುದನ್ನು ಮರೆಯಬಾರದು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಹಳಗನ್ನಡ ಶಾಸನಗಳ ಪಠ್ಯ ಗಣಕಕ್ಕೆ ಬರುವಾಗ ‘ಱ’, ‘ೞ’ಗಳೂ ಬರುತ್ತವೆ. ‘ೞ’ಕ್ಕೆ ಯೂನಿಕೋಡ್ ಆರಂಭದಲ್ಲಿ ತಪ್ಪಾಗಿ ‘ಫ’ ಎಂಬ ಹೆಸರಿಟ್ಟಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವಾದ್ದರಿಂದ ಸರಿಯಾದ ಹೆಸರು ಪರ್ಯಾಯವಾಗಿ ಮಾತ್ರ ಸೇರಿದೆ. ಅದು ಅಕ್ಷರವೋ ಚಿಹ್ನೆಯೋ ಎಂಬ ಮಾಹಿತಿ ಜಿಲಿಬ್‌ನ ಕೋಷ್ಟಕದಲ್ಲಿರುತ್ತದೆ. ಪರದೆಯ ಮೇಲೆ ಕಾಣುವುದು ಫಾಂಟ್‌ನಲ್ಲಿ ಅದರ ಆಕಾರವಿದ್ದರೆ ಮಾತ್ರ. ಫಾಂಟ್‌ನಲ್ಲಿ ಇಲ್ಲದೆ ಖಾಲಿ ಚೌಕ ಕಂಡರೂ ಕಡತದಲ್ಲಿ ಶಾಸನದ ಪಾಠ ಕೆಟ್ಟಿರುವುದಿಲ್ಲ.

ಹಳೆಯ ಸಂಕೇತದ ಕಡತಗಳು ಕಚೇರಿಗಳಲ್ಲೂ ಮುದ್ರಣಾಲಯಗಳಲ್ಲೂ ಇನ್ನೂ ಉಳಿದಿವೆ. ಅವನ್ನು ಯೂನಿಕೋಡ್‌ಗೆ ತರುವ ಪರಿವರ್ತಕ ಚೂರುಗಳ ಸಾಲನ್ನು ಓದಿ, ಕೋಷ್ಟಕ ನೋಡಿ, ಉದ್ದವಾದ ಸರಣಿಯನ್ನು ಮೊದಲು ಹೊಂದಿಸಿ, ‘ಮ’ವನ್ನು ‘ವ’ ಎಂದು ತಿಳಿಯದಂತೆ ಎಚ್ಚರ ವಹಿಸಿ, ಅಕ್ಷರಗಳನ್ನು ಮರಳಿ ಕಟ್ಟಬೇಕು. ಈ ಕೆಲಸಕ್ಕೆ ಯುಟಿಲಿಟಿ ಲೈಬ್ರರಿ ಒಂದೇ ಸಾಕು, ವಿಂಡೋ ಬೇಕಿಲ್ಲ.