ಕೊಳಗದ ಗಾತ್ರ ಗೊತ್ತುಮಾಡಿದವರು

ಹಳೆಯ ಮೈಸೂರು ಸೀಮೆಯಲ್ಲಿ ರಾಗಿ ಭತ್ತಗಳನ್ನು ಪಾವು, ಸೇರು, ಕೊಳಗ, ಖಂಡುಗಗಳಲ್ಲಿ ಅಳೆಯುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಬಲ್ಲರು. ಹೆಸರು ಒಂದೇ ಆದರೂ ಕೊಳಗದ ಗಾತ್ರ ಸೀಮೆಯಿಂದ ಸೀಮೆಗೆ ಬೇರೆಯಾಗಿರುತ್ತಿತ್ತು. ಊರೊಳಗಿನ ಕೊಡುಕೊಳೆಗೆ ಇದರಿಂದ ತೊಡಕಿರಲಿಲ್ಲ. ಧಾನ್ಯ ಊರ ಗಡಿ ದಾಟಿದಾಗಲೇ ತಕರಾರು ಹುಟ್ಟುತ್ತಿತ್ತು. 1956ರ ತೂಕ ಮತ್ತು ಅಳತೆಗಳ ಶಾಸನ ದೇಶಕ್ಕೆಲ್ಲ ಮೆಟ್ರಿಕ್ ಪದ್ಧತಿಯನ್ನು ತಂದು ಈ ಗೊಂದಲಕ್ಕೆ ತೆರೆ ಎಳೆಯಿತು. ಇದನ್ನೇ ಹೋಲುವ ಚರಿತ್ರೆಯೊಂದು ಗಣಕಯಂತ್ರದ ಒಡಲಲ್ಲಿಯೂ ನಡೆದಿದೆ. ನಮ್ಮ ಅನೇಕ ಕುಟುಂಬಗಳ ಅನ್ನಕ್ಕೆ ಆಧಾರವಾಗಿರುವ ವಿದ್ಯೆಯ ಬುಡದಲ್ಲಿರುವ ಈ ಚರಿತ್ರೆ ಇನ್ನೂ ಮುಗಿದಿಲ್ಲ.

ಗಣಕದ ಯಂತ್ರಾಂಗಗಳನ್ನು ನೇರವಾಗಿ ಆಳುವ ತಂತ್ರಾಂಶದ ತಿರುಳಿಗೆ ‘ಕರ್ನಲ್’ ಎಂದು ಹೆಸರು. ಕಡತಗಳು ಎಲ್ಲಿವೆ, ಗಂಟೆ ಎಷ್ಟಾಯಿತು, ಯಾವ ಕೆಲಸಕ್ಕೆ ಎಷ್ಟು ಸ್ಮೃತಿ ಸಲ್ಲಬೇಕು ಎಂಬುದನ್ನೆಲ್ಲ ಅದು ಸಂಖ್ಯೆಗಳಾಗಿ ಬರೆದಿಟ್ಟುಕೊಳ್ಳುತ್ತದೆ. ಪ್ರತಿಯೊಂದು ಸಂಖ್ಯೆಗೂ ಇಂತಿಷ್ಟೇ ಜಾಗವೆಂದು ಮೊದಲೇ ಗೊತ್ತುಮಾಡಬೇಕು. 16 ಬಿಟ್‌ಗಳ ಪಾತ್ರೆಯಲ್ಲಿ 65,536 ಬೇರೆ ಬೇರೆ ಬೆಲೆಗಳು ಹಿಡಿಯುತ್ತವೆ, 32 ಬಿಟ್‌ಗಳ ಪಾತ್ರೆಯಲ್ಲಿ ಸುಮಾರು 429 ಕೋಟಿ. ಪಾತ್ರೆ ತುಂಬಿದ ಮೇಲೆ ಇನ್ನೊಂದನ್ನು ಹಾಕಿದರೆ ಅದು ಹೊರಗೆ ಚೆಲ್ಲುವುದಿಲ್ಲ. ಲೆಕ್ಕವೇ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಆದ್ದರಿಂದ ದತ್ತಾಂಶದ ಬಗೆಗಳನ್ನು ನಿರೂಪಿಸುವುದೆಂದರೆ ಮುಂದಿನವರ ಬದುಕಿಗೆ ಎಲ್ಲೆ ಗೆರೆ ಎಳೆದಂತೆ.

1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್ ವ್ಯವಸ್ಥೆಯನ್ನು ಪಿಡಿಪಿ-7 ಎಂಬ ಯಂತ್ರದ ಮೇಲೆ ರಚಿಸಿದರು. ಆ ಯಂತ್ರ 18 ಬಿಟ್‌ಗಳ ಒಂದೊಂದು ಗುಂಪನ್ನು ಒಂದು ‘ಪದ’ವೆಂದು ಎಣಿಸುತ್ತಿತ್ತು. ಥಾಂಪ್ಸನ್ ರೂಪಿಸಿದ ‘ಬಿ’ ಭಾಷೆಯಲ್ಲಿ ದತ್ತಾಂಶಕ್ಕೆ ಬಗೆಗಳೇ ಇರಲಿಲ್ಲ. ಸಂಖ್ಯೆಯಾಗಲಿ, ಅಕ್ಷರವಾಗಲಿ, ಸ್ಮೃತಿಯ ವಿಳಾಸವಾಗಲಿ, ಎಲ್ಲವೂ ಒಂದೇ ಪದ, ಒಂದೇ ಅಳತೆಯ ಪಾತ್ರೆ. ಯಂತ್ರ ಒಂದೇ ಇದ್ದಾಗ ಇಷ್ಟು ಸಾಕಾಗಿತ್ತು.

1970ರಲ್ಲಿ ಪಿಡಿಪಿ-11 ಬಂದಿತು. ಅದು 16 ಬಿಟ್‌ಗಳ ಯಂತ್ರ. 8 ಬಿಟ್‌ಗಳ ಒಂದೊಂದು ಬೈಟಿಗೂ ಅದರಲ್ಲಿ ಪ್ರತ್ಯೇಕ ವಿಳಾಸವಿತ್ತು. ಒಂದೇ ಪಾತ್ರೆಯ ಪದ್ಧತಿ ಅಲ್ಲಿ ಒಗ್ಗಲಿಲ್ಲ. ಅಕ್ಷರಗಳನ್ನು ಪದಗಳಿಂದ ಬಿಡಿಸಿ ತೆಗೆಯುವುದು, ವಿಳಾಸಗಳನ್ನು ಮತ್ತೆ ಮತ್ತೆ ಪರಿವರ್ತಿಸುವುದು ವ್ಯರ್ಥ ಶ್ರಮವಾಯಿತು. 1971ರಲ್ಲಿ ಡೆನಿಸ್ ರಿಚಿ ಅವರು ‘ಬಿ’ ಭಾಷೆಗೆ ಎರಡು ಬಗೆಗಳನ್ನು ಸೇರಿಸಿದರು: ಪೂರ್ಣಾಂಕಕ್ಕೆ ‘ಇಂಟ್’, ಅಕ್ಷರಕ್ಕೆ ‘ಕ್ಯಾರ್’. ಇದೇ ಮುಂದೆ ‘ಸಿ’ ಭಾಷೆಯಾಗಿ ಬೆಳೆಯಿತು. 1972ರಲ್ಲಿ ಥಾಂಪ್ಸನ್ ಕರ್ನಲ್ಲನ್ನು ಈ ಭಾಷೆಯಲ್ಲಿ ಬರೆಯಲು ಯತ್ನಿಸಿ ಕೈಬಿಟ್ಟರು. ಹಲವು ಬಗೆಯ ದತ್ತಾಂಶಗಳನ್ನು ಒಂದೇ ಕಟ್ಟಿನಲ್ಲಿಡುವ ‘ಸ್ಟ್ರಕ್ಟ್’ ಆಗ ಭಾಷೆಯಲ್ಲಿರಲಿಲ್ಲ. ಅದು ಸೇರಿದ ಮೇಲೆ, 1973ರಲ್ಲಿ, ಕರ್ನಲ್ ‘ಸಿ’ ಭಾಷೆಯಲ್ಲಿ ಮರುಜನ್ಮ ಪಡೆಯಿತು.

ಆದರೆ ‘ಇಂಟ್’ ಎಂಬುದು ನಮ್ಮ ಕೊಳಗದಂತೆಯೇ ಇತ್ತು. ಪಿಡಿಪಿ-11ರಲ್ಲಿ ಅದು 16 ಬಿಟ್. 1977ರಲ್ಲಿ ರಿಚಿ ಮತ್ತು ಸ್ಟೀಫನ್ ಜಾನ್ಸನ್ ಯುನಿಕ್ಸನ್ನು ಇಂಟರ್‌ಡೇಟಾ 8/32 ಎಂಬ ಯಂತ್ರಕ್ಕೆ ಒಯ್ದಾಗ ಅದು 32 ಬಿಟ್. ಊರ ಗಡಿ ದಾಟಿದ ಧಾನ್ಯದಂತೆ, ಯಂತ್ರ ದಾಟಿದ ತಂತ್ರಾಂಶ ಎಡವತೊಡಗಿತು. ಇದಕ್ಕೆ ಅವರು ಕಂಡುಕೊಂಡ ಪರಿಹಾರ ಸರಳವೂ ಬೆಲೆಬಾಳುವುದೂ ಆಗಿತ್ತು: ಪಾತ್ರೆಯ ಗಾತ್ರವನ್ನು ಹೇಳುವ ಬದಲು ಅದರ ಉಪಯೋಗಕ್ಕೆ ಹೆಸರಿಡುವುದು. ‘ಟೈಪ್‌ಡೆಫ್’ ಎಂಬ ಸೌಲಭ್ಯದ ನೆರವಿನಿಂದ, 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿ ಒಂದು ಪುಟ್ಟ ಕಡತ ಕಾಣಿಸಿಕೊಂಡಿತು. ಕಾಲಕ್ಕೆ ‘ಟೈಮ್-ಟಿ’, ಕಡತದೊಳಗಿನ ಸ್ಥಾನಕ್ಕೆ ‘ಆಫ್-ಟಿ’, ಕಡತದ ಕ್ರಮಸಂಖ್ಯೆಗೆ ‘ಐನೋ-ಟಿ’, ಸಾಧನಕ್ಕೆ ‘ಡೆವ್-ಟಿ’ ಎಂಬ ಹೆಸರುಗಳು ಅಲ್ಲಿದ್ದವು. ಯಂತ್ರ ಬದಲಾದರೆ ಈ ಕಡತದ ಕೆಲವು ಸಾಲುಗಳನ್ನು ತಿದ್ದಿದರೆ ಸಾಕು. ಸಾವಿರಾರು ಸಾಲುಗಳನ್ನು ಕೆದಕಬೇಕಿಲ್ಲ.

ಸರಿಯಾದ ಗಾತ್ರವೇ ಮುಖ್ಯವಾದ ಕಡೆ ಇದರ ವಿರುದ್ಧ ದಾರಿಯೂ ಬೇಕಾಯಿತು. ಇಂದಿನ 64 ಬಿಟ್ ಯಂತ್ರಗಳಲ್ಲಿಯೂ ‘ಲಾಂಗ್’ ಎಂಬ ಬಗೆ ಲಿನಕ್ಸಿನಲ್ಲಿ 64 ಬಿಟ್, ವಿಂಡೋಸಿನಲ್ಲಿ 32 ಬಿಟ್. ಆದಕಾರಣ ಲಿನಕ್ಸ್ ಕರ್ನಲ್ ‘ಯು8’, ‘ಯು16’, ‘ಯು32’, ‘ಯು64’ ಎಂದು ಗಾತ್ರವನ್ನೇ ಹೆಸರಿನಲ್ಲಿ ಹೊತ್ತ ಬಗೆಗಳನ್ನು ಬಳಸುತ್ತದೆ. ಇವು ಆ ಲೋಕದ ಲೀಟರು, ಕಿಲೋಗ್ರಾಮುಗಳು.

ಈ ಪಾತ್ರೆಗಳಲ್ಲಿ ಒಂದು ನಮ್ಮ ನುಡಿಗೆ ನೇರವಾಗಿ ಸಂಬಂಧಿಸಿದ್ದು. ‘ಕ್ಯಾರ್’ ಎಂಬ 8 ಬಿಟ್ ಪಾತ್ರೆಯಲ್ಲಿ 256 ಬೆಲೆಗಳಷ್ಟೇ ಹಿಡಿಯುತ್ತವೆ. ಇಂಗ್ಲಿಷಿಗೆ ಅದು ಧಾರಾಳ. ಜಗತ್ತಿನ ಎಲ್ಲ ಲಿಪಿಗಳಿಗೆ ಏನೇನೂ ಸಾಲದು. ಪಾತ್ರೆಯನ್ನೇ ಹಿಗ್ಗಿಸಿದ್ದರೆ ಹಳೆಯ ತಂತ್ರಾಂಶಗಳೆಲ್ಲ ಕೆಡುತ್ತಿದ್ದವು. 1992ರಲ್ಲಿ ಅದೇ ಥಾಂಪ್ಸನ್, ರಾಬ್ ಪೈಕ್ ಜೊತೆಗೂಡಿ, ‘ಯುಟಿಎಫ್-8’ ಎಂಬ ಸಂಕೇತ ಕ್ರಮವನ್ನು ರಚಿಸಿದರು. ಪಾತ್ರೆ ಅಷ್ಟೇ ಇರಲಿ, ದೊಡ್ಡ ಅಕ್ಷರ ಹಲವು ಪಾತ್ರೆಗಳನ್ನು ತುಂಬಲಿ ಎಂಬುದು ಅದರ ತತ್ತ್ವ. ಕನ್ನಡದ ಪ್ರತಿ ಸಂಕೇತಕ್ಕೂ ಅದರಲ್ಲಿ 3 ಬೈಟ್‌ಗಳು ಬೇಕು. ‘ಕನ್ನಡ’ ಎಂಬ ಪದದಲ್ಲಿ ವಿರಾಮಚಿಹ್ನೆಯೂ ಸೇರಿ 5 ಸಂಕೇತಗಳು, ಅಂದರೆ 15 ಬೈಟ್‌ಗಳು. ಏಳನೆಯ ಆವೃತ್ತಿಯ ಯುನಿಕ್ಸಿನಲ್ಲಿ ಕಡತದ ಹೆಸರಿಗೆ ಮೀಸಲಿದ್ದುದು 14 ಬೈಟ್‌ಗಳು. ಇಂದಿನ ಲೆಕ್ಕದಲ್ಲಿ ನಮ್ಮ ನುಡಿಯ ಹೆಸರು ಒಂದೇ ಒಂದು ಬೈಟಿನಿಂದ ಅಲ್ಲಿ ಹಿಡಿಸುತ್ತಿರಲಿಲ್ಲ! ಇಂದು ಲಿನಕ್ಸಿನ ಮುಖ್ಯ ಕಡತ ವ್ಯವಸ್ಥೆಗಳಲ್ಲಿ ಮಿತಿ 255 ಬೈಟ್‌ಗಳು. 85 ಕನ್ನಡ ಸಂಕೇತಗಳಿಗೆ ಸ್ಥಳವುಂಟು. ಕರ್ನಲ್ಲಿಗೆ ಕನ್ನಡ ತಿಳಿಯದು. ಹೆಸರನ್ನು ಅದು ಬೈಟ್‌ಗಳ ಸಾಲೆಂದೇ ಕಾಣುತ್ತದೆ. ಆ ಉದಾಸೀನವೇ ನಮಗೆ ವರವಾಗಿದೆ.

ಕಾಲದ ಪಾತ್ರೆಯ ಕಥೆ ಇಷ್ಟು ಸುಗಮವಾಗಿ ಸಾಗಲಿಲ್ಲ. 1971ರ ಯುನಿಕ್ಸ್ ಮೊದಲ ಆವೃತ್ತಿ ಆ ವರ್ಷದ ಜನವರಿ 1ರಿಂದ ಸೆಕೆಂಡಿನ 60ನೇ ಒಂದು ಭಾಗಗಳನ್ನು 32 ಬಿಟ್‌ಗಳಲ್ಲಿ ಎಣಿಸುತ್ತಿತ್ತು. ಆ ಪಾತ್ರೆ ಸುಮಾರು 828 ದಿನಗಳಲ್ಲಿ ತುಂಬುತ್ತದೆ. ಈ ಕೊರತೆಯನ್ನು ಅಂದಿನ ಕೈಪಿಡಿಯೇ ಓದುಗರ ಗಮನಕ್ಕೆ ತಂದಿತ್ತು. ಕಾಲಕ್ರಮದಲ್ಲಿ ಪೂರ್ಣ ಸೆಕೆಂಡುಗಳನ್ನೇ ಎಣಿಸುವ ಪದ್ಧತಿ ಬಂದಿತು; 1970ರ ಜನವರಿ 1 ಲೆಕ್ಕದ ಮೊದಲ ದಿನವಾಯಿತು. 1979ರ ‘ಟೈಮ್-ಟಿ’ ಋಣಸಂಖ್ಯೆಗಳಿಗೂ ಎಡೆಯಿದ್ದ 32 ಬಿಟ್ ಪಾತ್ರೆ. ಅದರ ಗರಿಷ್ಠ ಬೆಲೆ 2,147,483,647. ಆ ಸೆಕೆಂಡು ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಮಂಗಳವಾರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಬರುತ್ತದೆ. ನ್ಯೂಯಾರ್ಕಿನಲ್ಲಿ ಆಗ ಸೋಮವಾರ ರಾತ್ರಿ. ಮರುಕ್ಷಣ ಹಳೆಯ ಪಾತ್ರೆಯ ಗಣಕಗಳು 1901ರ ಡಿಸೆಂಬರಿಗೆ ಹಿಂದಿರುಗುತ್ತವೆ.

ಇದನ್ನು ಅಜಾಗರೂಕತೆ ಎನ್ನುವುದು ನ್ಯಾಯವಲ್ಲ. ಯುನಿಕ್ಸ್ ಬೆಳೆದ ಮೊದಲ ಪಿಡಿಪಿ-11ರಲ್ಲಿದ್ದ ಸ್ಮೃತಿ 24 ಕಿಲೋಬೈಟ್ ಮಾತ್ರ. ಅಲ್ಲಿ ಒಂದೊಂದು ಬೈಟೂ ಬರಗಾಲದ ಧಾನ್ಯ. ತಮ್ಮ ಪ್ರಯೋಗ 68 ವರ್ಷ ಬಾಳೀತೆಂದು ಯಾರು ನೆನೆದಾರು? ಆದರೂ ಇಂಥ ಪಾತ್ರೆ ತುಂಬುವ ಅಪಾಯ ಕಲ್ಪನೆಯದಲ್ಲ. 2015ರಲ್ಲಿ ಅಮೆರಿಕದ ವಿಮಾನಯಾನ ಪ್ರಾಧಿಕಾರವು, ಬೋಯಿಂಗ್ 787ರ ವಿದ್ಯುಜ್ಜನಕ ನಿಯಂತ್ರಕಗಳಲ್ಲಿನ ಎಣಿಕೆ 248 ದಿನ ನಿರಂತರ ನಡೆದರೆ ತುಂಬಿಹೋಗುವುದೆಂದು ಎಚ್ಚರಿಸಿ, ಅದಕ್ಕೆ ಮೊದಲೇ ಒಮ್ಮೆ ವಿದ್ಯುತ್ತನ್ನು ಆರಿಸಿ ಹೊತ್ತಿಸಬೇಕೆಂದು ಆಜ್ಞಾಪಿಸಿತು. ಸೆಕೆಂಡಿನ 100ನೇ ಒಂದು ಭಾಗಗಳನ್ನು ‘ಟೈಮ್-ಟಿ’ಯಂಥದೇ ಪಾತ್ರೆಯಲ್ಲಿ ಎಣಿಸಿದರೆ ಅದು ತುಂಬುವುದೂ 248 ದಿನಗಳಲ್ಲಿಯೇ. 2038 ಬರುವ ತನಕ ಕಾಯಬೇಕೆಂದೂ ಇಲ್ಲ. 30 ವರ್ಷಗಳ ಮನೆಸಾಲದ ಕೊನೆಯ ಕಂತಿನ ದಿನವನ್ನು ಇಂಥ ಪಾತ್ರೆಯಲ್ಲಿಡುವ ತಂತ್ರಾಂಶ 2008ರಲ್ಲಿಯೇ ತಪ್ಪು ಲೆಕ್ಕ ಕೊಡಬಲ್ಲದು.

ಇಲ್ಲಿ ಒದಗಿ ಬಂದದ್ದು 1979ರ ಹೆಸರುಗಳು. ‘ಟೈಮ್-ಟಿ’ ಎಂದೇ ಬರೆದ ತಂತ್ರಾಂಶವನ್ನು ಬಹುಮಟ್ಟಿಗೆ ಮರುಸಂಕಲನ ಮಾಡಿ ದೊಡ್ಡ ಪಾತ್ರೆಗೆ ಬದಲಿಸಬಹುದು. ಹೆಸರನ್ನು ಕಡೆಗಣಿಸಿ ‘ಇಂಟ್’ ಎಂದು ಬರೆದದ್ದನ್ನು ಸಾಲುಸಾಲಾಗಿ ಹುಡುಕಿ ತಿದ್ದಬೇಕು. ಆದರೂ ಮುಂಚೆಯೇ ಸಂಕಲನಗೊಂಡು ಹರಡಿರುವ ತಂತ್ರಾಂಶ ಹಳೆಯ ಅಳತೆಯನ್ನೇ ನಂಬಿರುತ್ತದೆ. ಕರ್ನಲ್ ಒಂದೇ ಬದಲಾದರೆ ಮಾತುಕತೆ ಮುರಿಯುತ್ತದೆ. 2012ರಲ್ಲಿ ನೆಟ್‌ಬಿಎಸ್‌ಡಿ, 2014ರಲ್ಲಿ ಓಪನ್‌ಬಿಎಸ್‌ಡಿ ತಮ್ಮ ಎಲ್ಲ ಯಂತ್ರಗಳಿಗೆ 64 ಬಿಟ್ ಕಾಲವನ್ನು ಅಳವಡಿಸಿದವು. ಹಳೆಯ ಬಳಕೆದಾರರ ಕೈಬಿಡದ ಲಿನಕ್ಸ್, 32 ಬಿಟ್ ಯಂತ್ರಗಳಿಗಾಗಿ 2019ರಲ್ಲಿ ಹೊಸ ಕರೆಗಳನ್ನು ಹಳೆಯವುಗಳ ಪಕ್ಕದಲ್ಲೇ ಇರಿಸಿತು. 2020ರ ಮಾರ್ಚಿನ 5.6ನೇ ಆವೃತ್ತಿಯಲ್ಲಿ ಕರ್ನಲ್ಲಿನ ಮಟ್ಟದ ಕೆಲಸ ಬಹುತೇಕ ಪೂರೈಸಿತು. 64 ಬಿಟ್‌ಗಳ ಪಾತ್ರೆ ಸುಮಾರು 29,200 ಕೋಟಿ ವರ್ಷ ಬಾಳುತ್ತದೆ. ನಮ್ಮ ಪುರಾಣಗಳ ಒಂದು ಕಲ್ಪ 432 ಕೋಟಿ ವರ್ಷ; ಅಂಥ 67 ಕಲ್ಪಗಳು ಅದರಲ್ಲಿ ಅಡಗುತ್ತವೆ.

ಜೇಬಿನ ಫೋನುಗಳೂ ಮೇಜಿನ ಗಣಕಗಳೂ ಬಹುಮಟ್ಟಿಗೆ ಈ ದಡ ಸೇರಿವೆ. ಉಳಿದಿರುವುದು ಕಾರ್ಖಾನೆ, ಕಟ್ಟಡ, ವಾಹನಗಳೊಳಗೆ ಹುದುಗಿ ದಶಕಗಟ್ಟಲೆ ದುಡಿಯುವ, ಯಾರೂ ನವೀಕರಿಸದ ಸಣ್ಣ ಯಂತ್ರಗಳ ಸಮಸ್ಯೆ. ಅವುಗಳನ್ನು ಪತ್ತೆಹಚ್ಚಿ ಸರಿಪಡಿಸುವ ಹೊಣೆ ಇಂದು ಆ ಉದ್ಯೋಗದಲ್ಲಿರುವ ನಮ್ಮವರದೂ ಹೌದು, ನಾಳೆ ಅದನ್ನು ಸೇರಲಿರುವ ನಮ್ಮ ಮಕ್ಕಳದೂ ಹೌದು. ಅವರು ಹೊಸದಾಗಿ ಗೊತ್ತುಮಾಡುವ ಪಾತ್ರೆಗಳನ್ನೂ ಇನ್ನು 50 ವರ್ಷಗಳ ಬಳಿಕ ಯಾರೋ ತೆರೆದು ನೋಡುವರು. ಅಳತೆ ಆಗ ಸಾಲದೆ ಹೋಗಬಹುದು. ಬದಲಿಸಲು ಅನುವಾಗುವಂತೆ ಹೆಸರಿಟ್ಟಿದ್ದರೆ ಆ ಮುಂದಿನವರ ಕೆಲಸ ಹಗುರವಾದೀತು.